ಸರಿ ಮತ್ತು ಸಾರಿ

ನನ್ನ ಮಗಳ ಹೊಟ್ಟೆಗೆ ದಿಲ್ಲಿ ಕಡೆಯ ಊಟ ಯಾವತ್ತೂ ಒಗ್ಗುವುದಿಲ್ಲ ಎಂದು ತೀರ್ಪು ಕೊಟ್ಟವರು ನಮ್ಮ ಅತ್ತೆ, ಹಾಸನದ ಜಯಮ್ಮನವರು. ಬಾಣಂತನಕ್ಕೆಂದು ಘಾಜಿಯಾಬಾದಿಗೆ ಬಂದವರು ಕೂಸಿಗೆ ಏಳು ತಿಂಗಳು ತುಂಬಿದರೂ ಹೊರಟಿರಲಿಲ್ಲ. "ಬರೋ ತಿಂಗಳವರೆಗೂ ನೋಡ್ತೀನಿ ಅಳಿಯಂದ್ರೆ. ಕೂಸಿನ ತೂಕ ಏರದಿದ್ರೆ ತಾಯಿ ಮಗು ಇಬ್ಬರನ್ನೂ ಊರಿಗೆ ಕರ್ಕೊಂಡು ಹೋಗೋದೇ" ಎಂದರು. ಆಫೀಸಿನಿಂದ ಬಂದು ಆ ಫ್ಲ್ಯಾಟಿನಲ್ಲಿ ನಾನು ಯಾರನ್ನು ಮುದ್ದಾಡಲಿ, ಕೂಲರನ್ನೇ?

ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಪಡೆದವನು ನಾನು. ಹಗಲೆಲ್ಲ ಹೋಟೆಲಿನಲ್ಲಿ ತಟ್ಟೆ ತೊಳೆದು, ಸಂಜೆ ಕಾಲೇಜಿಗೆ ಹೋಗಿ ಬಿ.ಕಾಂ. ಮಾಡಿದವನು. ಇದನ್ನು ಹೇಳದೆ ನಾನು ಯಾವ ಮಾತನ್ನೂ ಮುಂದುವರಿಸುವುದಿಲ್ಲ ಎಂಬುದು ಹೆಂಡತಿ ಸುಮಾಳ ದೂರು. ಓದಿದರೆ ಪಾಸಾಗದ ವಿಷಯವೇ ಇಲ್ಲವೆಂದು ನಂಬಿ ಶಿಶು ಆಹಾರದ ಪುಸ್ತಕವೊಂದನ್ನು ತಂದು, ಅಡಿಗೆರೆ ಎಳೆದು ಓದಿದೆ. ಕೂಸು ಅದನ್ನು ಓದಿರಲಿಲ್ಲ. ಬಾಳೆಹಣ್ಣು ಕೊಟ್ಟರೆ ಭೇದಿ. ಸೇಬು ಬೇಯಿಸಿ ಕೊಟ್ಟರೆ ಎರಡು ದಿನ ಮುಷ್ಕರ. ಪಕ್ಕದ ಮನೆಯ ಆಂಟಿ ಹೇಳಿಕೊಟ್ಟ ಖಿಚಡಿಯನ್ನಂತೂ ನೇರ ನನ್ನ ಆಫೀಸಿನ ಶರ್ಟಿಗೆ ವರ್ಗಾಯಿಸಿಬಿಡುತ್ತಿತ್ತು.

"ರಾಗಿ ಸರಿ ಉಣ್ಣಿಸಿ ನೋಡೋಣ, ಅದೊಂದು ಬಾಕಿ ಇದೆ" ಎಂದರು ಅತ್ತೆ. ರಾಗಿ ಹುಡುಕಿಕೊಂಡು ಕರೋಲ್ ಬಾಗಿಗೆ ಹೋದೆ. ಕಿರಾಣಿ ಅಂಗಡಿಯ ಸರ್ದಾರ್ಜಿ ನನ್ನನ್ನು ಭಕ್ತಿಯಿಂದ ನೋಡಿ, "ರಾಗೀ ದುಕಾನ್ ಮೇ ನಹೀ ಮಿಲ್ತೇ ಜೀ, ಗುರುದ್ವಾರೇ ಜಾಯಿಯೇ" ಎಂದು ಅಂಗಡಿ ಬಿಟ್ಟು ಗುರುದ್ವಾರದ ದಾರಿ ತೋರಿಸಿದ. ಗುರುದ್ವಾರದಲ್ಲಿ ಕೀರ್ತನೆ ಹಾಡುವವರಿಗೆ ಅಲ್ಲಿ ರಾಗೀ ಎನ್ನುತ್ತಾರೆಂದು ಆಮೇಲೆ ತಿಳಿಯಿತು. ನಾನು ಎರಡು ಕಿಲೋ ಕೇಳಿದ್ದೆ.

ಕೊನೆಗೆ ಕೇರಳದವರೊಬ್ಬರ ಅಂಗಡಿಯಲ್ಲಿ ಸಿಕ್ಕಿತು. ಅತ್ತೆ ಮೊಳಕೆ ಕಟ್ಟಿಸಿ, ಒಣಗಿಸಿ, ಪುಡಿ ಮಾಡಿಸಿ, ತೆಳುಬಟ್ಟೆಯಲ್ಲಿ ಸೋಸಿ ಸರಿ ಕಾಯಿಸಿದರು. ಕೂಸು ಚಪ್ಪರಿಸಿತು. ನಾವು ಗೆದ್ದೆವೆಂದುಕೊಂಡೆವು. ಆ ವಾರವೇ ಮತ್ತೆ ಭೇದಿ ಶುರುವಾಗಿ ಎಲ್ಲರೂ ಡಾಕ್ಟರಮ್ಮನ ಮುಂದೆ ಕೂತೆವು.

"ಕ್ಯಾ ಖಿಲಾಯಾ?" ಎಂದು, ಕೂಸಿಗೆ ತಿನ್ನಿಸಿದ್ದೇನೆಂದು ಕೇಳಿದರು ಅವರು.

"ಸರಿ" ಎಂದೆ.

"ಸಾರಿ ಛೋಡಿಯೇ. ಖಿಲಾಯಾ ಕ್ಯಾ?" ಕ್ಷಮೆ ಬೇಡವೆಂಬಂತೆ ಅವರು ಕೈಯಾಡಿಸಿದರು.

"ಅದೇ ಮೇಡಂ, ಸರಿ" ಎಂದಳು ಸುಮಾ. ಹಿಂದಿ ಬಾರದ ಅತ್ತೆ, ತಮ್ಮ ಮಗಳು ತಡವರಿಸಿದಳೆಂದು ತಿಳಿದು ಮುಂದೆ ಬಗ್ಗಿ, "ಸರೀ!" ಎಂದು ಜೋರಾಗಿ ಹೇಳಿದರು. ಇಷ್ಟು ವಿನಯದ ಕುಟುಂಬವನ್ನು ಈ ಊರಿನಲ್ಲಿ ಕಂಡೇ ಇಲ್ಲ ಎಂದು ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

ಬಿಡಿಸಿ ಹೇಳುವಾಗ ನಿಜ ಹೊರಬಿತ್ತು. ಪುಷ್ಟಿಗೆಂದು ಅತ್ತೆ ತುಪ್ಪ ಹಾಕುತ್ತಿದ್ದರು. ರುಚಿಗೆಂದು ಸುಮಾ ಬೆಲ್ಲ ಹಾಕುತ್ತಿದ್ದಳು. ಬುದ್ಧಿಗೆಂದು ನಾನು ಬಾದಾಮಿ ಪುಡಿ ಹಾಕುತ್ತಿದ್ದೆ. ಒಬ್ಬರದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. "ಅಚ್ಛಾ, ಯೇ ತೋ ಹಲ್ವಾ ಹೈ!" ಎಂದು ನಕ್ಕ ಡಾಕ್ಟರಮ್ಮ, ಒಂದು ಸಲಕ್ಕೆ ಒಂದೇ ಹೊಸ ಪದಾರ್ಥ, ಅದೂ ಒಂದೆರಡು ಚಮಚ, ಹೊಟ್ಟೆ ಒಪ್ಪಿದ ಮೇಲೆ ಮುಂದಿನದು ಎಂದರು. ಈ ವಾಕ್ಯಕ್ಕೆ ನಾನು ಪುಸ್ತಕದಲ್ಲಿ ಎರಡು ಬಣ್ಣದ ಅಡಿಗೆರೆ ಎಳೆದಿದ್ದೆ.

ಬರೀ ನೀರಾದ ಸರಿ, ಆಮೇಲೆ ಹೆಸರುಬೇಳೆ ಕಟ್ಟು, ಆಮೇಲೆ ಕ್ಯಾರೆಟ್, ಹೀಗೆ ಸಾಲಾಗಿ ಒಂದೊಂದೇ ಪಾಸಾಗುತ್ತ ಬಂದವು. ಗಡುವಿನ ತಿಂಗಳು ಮುಗಿಯುವ ಹೊತ್ತಿಗೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆರೋಗ್ಯ ಶಿಬಿರ ನಡೆಯಿತು. ತಕ್ಕಡಿಯ ಮುಳ್ಳನ್ನು ಅತ್ತೆ ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು. "ಹಾಗಾದ್ರೆ ನನ್ನೊಬ್ಬಳಿಗೇ ಟಿಕೆಟ್ ಮಾಡಿಸಿ" ಎಂದರು. ಅಲ್ಲೇ ಕುಣಿಯಬೇಕೆನಿಸಿತು.

ಬಂದ ಮಕ್ಕಳಿಗೆಲ್ಲ 'ಆರೋಗ್ಯವಂತ ಶಿಶು' ಎಂಬ ಸರ್ಟಿಫಿಕೇಟ್ ಕೊಡುತ್ತಿದ್ದರು. ನಮ್ಮದನ್ನೂ ಕೈಗಿತ್ತರು. ನೋಡಿದರೆ ಶಿಶುವಿನ ಹೆಸರಿನ ಜಾಗದಲ್ಲಿ ನನ್ನ ಹೆಸರು, ತಂದೆಯ ಹೆಸರಿನ ಜಾಗದಲ್ಲಿ ಮಗಳದು. ಗುಮಾಸ್ತನಾದ ನನ್ನ ರಕ್ತ ಕುದಿಯಿತು, ತಿದ್ದಿಸಲು ಹೊರಟೆ.

ಅತ್ತೆ ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿದರು. "ಇರಲಿ ಬಿಡಿ ಅಳಿಯಂದ್ರೆ, ಸರಿಯಾಗೇ ಬರೆದಿದಾರೆ. ಕೂಸು ಬಿಟ್ಟಿದ್ದನ್ನೆಲ್ಲ ಬಟ್ಟಲು ಬಳಿದು ಉಂಡೋರು ನೀವೇ ಅಲ್ವಾ?"