ಅರ್ಧಮಾತಪ್ಪ ಬ್ಲಾಗ್ ಇಟ್ಕೊಂಡ ಪ್ರಕರಣ

ಪುರಸಭೆ ಕ್ವಾರ್ಟರ್ಸಿನ ಏಳನೇ ನಂಬರ್ ಮನೇಲಿ ಒಂದು ಬ್ಲಾಗ್ ಇದೆ. ಅದಕ್ಕೆ ಕಾಲಿಲ್ಲ, ಇಲ್ಲೀವರೆಗೆ ಒಬ್ಬರನ್ನ ಕಚ್ಚಿದೆ. ಇದು ಸುಮ್ನೆ ಬಾಯಿಮಾತಲ್ಲ, ಸೀಲು ಬಿದ್ದ ಕಾಗದದಲ್ಲಿದೆ.

ಅದನ್ನ ಇಟ್ಕೊಂಡಿರೋನು ಟಪಾಲು ವಿಭಾಗದ ಗುಮಾಸ್ತ. ಬಂದ ಕಾಗದಕ್ಕೆಲ್ಲ ‘ಸ್ವೀಕರಿಸಲಾಗಿದೆ’ ಅಂತ ಮುದ್ರೆ ಒತ್ತೋದು ಅವನ ಕೆಲಸ. ಹುಟ್ಟಿದಾಗ ಏನೋ ಒಂದು ಹೆಸರಿಟ್ಟಿದ್ರು, ಈಗ ಎಲ್ಲರ ಬಾಯಲ್ಲೂ ಅರ್ಧಮಾತಪ್ಪ. ಪಾಪ, ಅವನ ಮಾತನ್ನ ಯಾರೂ ಪೂರ್ತಿ ಕೇಳಿದ್ದೇ ಇಲ್ಲ. ಅವನು ಒಂಚೂರು ನಿಧಾನ, ಎದುರಿಗಿರೋರಿಗೆ ಅರ್ಜೆಂಟು. ನಮ್ಮ ಮಾತಲ್ಲಿ ‘ಅಲ್ಲ’, ‘ಇಲ್ಲ’, ‘ಬೇಡ’ ಎಲ್ಲ ಬಾಲದಲ್ಲಿ ಬರುತ್ತೆ ನೋಡಿ, ಅಲ್ಲಿಗೆ ಅವನು ತಲುಪೋದೇ ಇಲ್ಲ. ಮದುವೆ ಮಾತು ಬಂದಾಗ “ನಂಗೆ ಈಗ್ಲೇ ಮದುವೆ ಬೇ...” ಅಂದ. “ಬೇಕಂತೆ! ಬೇಕಂತೆ!” ಅಂತ ಹೆಣ್ಣಿನ ಅಪ್ಪ ಎದ್ದು ಎಲ್ಲರ ಕೈ ಕುಲುಕಿದ್ರು.

ಹೀಗೆ ಒಳಗೇ ಉಳಿದ ಮಾತಿಗೆ ಅವನಿಗೆ ದಿನಾ ಸಂಜೆ ಬಿಕ್ಕಳಿಕೆ. ಕುಡಿಯದ ಔಷಧಿ ಇಲ್ಲ. ಎರಡು ವರ್ಷದ ಹಿಂದೆ ಒಂದು ಬ್ಲಾಗ್ ಶುರು ಮಾಡಿದ, ‘ಉಳಿದರ್ಧ’ ಅಂತ ಹೆಸರಿಟ್ಟ. ಆಫೀಸಿಂದ ಬಂದವನೇ ಶರ್ಟೂ ಬಿಚ್ಚದೆ ಕಂಪ್ಯೂಟರ್ ಮುಂದೆ ಕೂತು, ಹಗಲೆಲ್ಲ ಬಾಯಲ್ಲೇ ಉಳಿದ ತುಂಡುಗಳನ್ನ ಅಲ್ಲಿ ಬರೆಯೋದು. ಒಂದು ದಿನ ‘ಮುಟ್ಬೇಡ’ ಅಂತ ಇಷ್ಟೇ ಬರೆದಿದ್ದ. ಅದು ಕಟಿಂಗ್ ಅಂಗಡಿಯವನಿಗೆ ಹೇಳ್ಬೇಕಾಗಿದ್ದ ಮಾತು. ಮೀಸೆ ಅಷ್ಟೊತ್ತಿಗೆ ಹೋಗಿತ್ತು ಅನ್ನಿ. ಓದೋರು ನಾಲ್ಕು ಜನ, ಅದರಲ್ಲಿ ಒಬ್ಬ ಅವನೇ. ಆದ್ರೂ ಕೊನೇಲಿ ಚುಕ್ಕಿ ಇಟ್ಟಾಗ ಅವನ ಮುಖ ನೋಡ್ಬೇಕು ನೀವು, ಬಿಗಿ ಚಪ್ಪಲಿ ಬಿಚ್ಚಿದೋರ ಥರ. ಬಿಕ್ಕಳಿಕೆ ಗಪ್‌ಚುಪ್.

ಎಲ್ಲ ಕೆಟ್ಟಿದ್ದು ಬಟ್ಟೆ ಒಣಹಾಕೋ ಹೊತ್ತಲ್ಲಿ. ಅವನ ಹೆಂಡತಿ ಪಕ್ಕದ ಮನೆ ಮೀಟರ್ ರೀಡರ್ ಹೆಂಡತಿಗೆ ಹೇಳಿದ್ಲು, “ನಮ್ಮನೆಯವರು ಬ್ಲಾಗ್ ಇಟ್ಕೊಂಡಿದಾರೆ ಕಣ್ರೀ.”

ಆಕೆ ಕೈಯಲ್ಲಿದ್ದ ಕ್ಲಿಪ್ಪು ಬೀಳಿಸಿದ್ಲು. “ಇಟ್ಕೊಂಡಿದಾರಾ! ಎಷ್ಟು ದಿನದಿಂದ?”

“ಎರಡು ವರ್ಷ ಆಯ್ತು.”

“ನೀವು ಸುಮ್ನಿದೀರಾ?”

“ನಂಗೇನ್ರೀ ತೊಂದ್ರೆ? ದಿನಾ ಅರ್ಧ ಗಂಟೆ ಬಾಗಿಲು ಹಾಕ್ಕೊಂಡು ಅದರ ಜೊತೆ ಕೂತಿರ್ತಾರೆ. ಅಷ್ಟೊತ್ತು ನಂಗೂ ನೆಮ್ಮದಿ.”

‘ಅದರ’ ಅಂದಿದ್ದು ಒಳ್ಳೇದಾಯ್ತು. ‘ಅವಳ’ ಅಂದಿದ್ರೆ ಬೇರೇನೇ ಕತೆ. ‘ಅದು’ ಅಂದ್ಮೇಲೆ ಪ್ರಾಣಿ, ಅದೂ ಫಾರಿನ್ ಜಾತಿದು ಅಂತ ಸಂಜೆಯೊಳಗೆ ಇಡೀ ಕ್ವಾರ್ಟರ್ಸು ತೀರ್ಮಾನ ಮಾಡ್ತು. ಮಾರನೇ ಬೆಳಿಗ್ಗೆ ಪುರಸಭೆಗೆ ದೂರು ಹೋಯ್ತು. ಅದಕ್ಕೆ ‘ಸ್ವೀಕರಿಸಲಾಗಿದೆ’ ಅಂತ ಮುದ್ರೆ ಒತ್ತಿದೋನು ಅರ್ಧಮಾತಪ್ಪನೇ.

ಮೂರನೇ ದಿನಕ್ಕೆ ನೋಟಿಸು ಬಂತು:

“ತಾವು ವಸತಿಗೃಹದಲ್ಲಿ ಬ್ಲಾಗ್ ಎಂಬ ಪ್ರಾಣಿಯನ್ನು ಪೂರ್ವಾನುಮತಿ ಇಲ್ಲದೆ ಇಟ್ಟುಕೊಂಡಿರುವುದು ಕಂಡುಬಂದಿರುತ್ತದೆ. ಸದರಿ ಪ್ರಾಣಿಯು ಕಚೇರಿಗೆ ಸೇರಿದ ಇಂಟರ್ನೆಟ್ ವೈರಿನ ಮೂಲಕ ಓಡಾಡುತ್ತಿರುವುದಾಗಿಯೂ ತಿಳಿದುಬಂದಿರುತ್ತದೆ. ಏಳು ದಿನಗಳೊಳಗಾಗಿ ಪರವಾನಗಿ ಪಡೆಯತಕ್ಕದ್ದು. ತಪ್ಪಿದಲ್ಲಿ ವೈರನ್ನು ಕತ್ತರಿಸಿ, ಬ್ಲಾಗನ್ನು ಹಿಡಿದು ಊರಾಚೆ ಬಿಡಲಾಗುವುದು.”

ಅರ್ಧಮಾತಪ್ಪ ಅದನ್ನ ಎರಡು ಸಲ ಓದಿದ. ವೈರು ಹೋದ್ರೆ ಉಳಿದರ್ಧನೂ ಹೋಯ್ತು. ಆಮೇಲೆ ಆ ಮಾತೆಲ್ಲ ಎಲ್ಲಿಡೋದು? ನೆಟ್ಟಗೆ ಸೂಪರಿಂಟೆಂಡೆಂಟ್ ಮೇಡಂ ಮುಂದೆ ಹೋಗಿ ನಿಂತ.

“ಮೇಡಂ, ಬ್ಲಾಗ್ ಅನ್ನೋದು ಪ್ರಾಣಿ...”

“ಪ್ರಾಣಿ ಅಂತ ನೀವೇ ಒಪ್ಕೊಂಡ್ರಲ್ಲ, ದೊಡ್ಡ ಉಪಕಾರ ಆಯ್ತು. ಇಲ್ಲಾಂದ್ರೆ ನಾನು ಸಾಕ್ಷಿ ಹುಡುಕ್ಬೇಕಾಗಿತ್ತು.”

“ಮೇಡಂ, ಅದಕ್ಕೆ ಪರವಾನಗಿ ಬೇ...”

“ಬೇಕೇ ಬೇಕು! ನಿಮ್ಮಂಥ ತಿಳಿದೋರು ಇದ್ರೆ ಎಷ್ಟು ಸಲೀಸು. ಹೋಗಿ, ದನದ ಡಾಕ್ಟ್ರನ್ನ ಕಳಿಸ್ತೀನಿ.”

ಅವತ್ತು ಬ್ಲಾಗಿನಲ್ಲಿ ಬರೆದಿದ್ದು: ‘ಅಲ್ಲ. ಬೇಡ.’

ಆರನೇ ದಿನ ದನದ ಡಾಕ್ಟ್ರು ರಬ್ಬರ್ ಬೂಟು ಹಾಕ್ಕೊಂಡು, ಚೀಲ ಹಿಡ್ಕೊಂಡು ಬಂದ್ರು. ಬೀದಿಯೆಲ್ಲ ಕಿಟಕಿಗೆ ಅಂಟ್ಕೊಂಡಿತ್ತು. ಅರ್ಧಮಾತಪ್ಪ ಅವರನ್ನ ಕಂಪ್ಯೂಟರ್ ಮುಂದೆ ಕೂರಿಸಿದ. ಡಾಕ್ಟ್ರು ಕನ್ನಡಕ ಏರಿಸಿ, ಪರದೆಯ ಬೆನ್ನು ಮುಟ್ಟಿ ನೋಡಿ, “ಮೈ ಬೆಚ್ಚಗಿದೆ, ಜ್ವರ ಇಲ್ಲ” ಅಂತ ಬರ್ಕೊಂಡ್ರು.

“ಡಾಕ್ಟ್ರೇ, ಇದು ಪ್ರಾಣಿ...” ಅಂದ ಅವನು. ಅಂದು, ರೂಢಿ ನೋಡಿ, ಅಲ್ಲೇ ನಿಲ್ಲಿಸಿದ.

ಡಾಕ್ಟ್ರು ಸುಮ್ನೆ ಮುಖ ನೋಡ್ತಾ ಕೂತ್ರು. ಮಾತು ಬಾರದ ರೋಗಿಗಳ ಜೊತೆ ಮೂವತ್ತು ವರ್ಷ ಕಳೆದೋರು, ಅವರಿಗೇನು ಅವಸರ?

“...ಅಲ್ಲ,” ಅಂದ ಅರ್ಧಮಾತಪ್ಪ. ಅಂದು ತಾನೇ ಬೆಚ್ಚಿಬಿದ್ದ.

“ನಂಗೂ ಗೊತ್ತಪ್ಪ. ಆದ್ರೆ ಫಾರಮ್ಮಲ್ಲಿ ‘ಪ್ರಾಣಿಯಲ್ಲ’ ಅಂತ ಜಾಗ ಇಲ್ಲ. ನಾಲ್ಕು ಕಾಲು, ಎರಡು ಕಾಲು, ಕಾಲಿಲ್ಲ, ಇಷ್ಟೇ ಇರೋದು. ಕಾಲಿಲ್ಲ ಅಂತ ಹಾಕಿ ಹಾವಿನ ಜೊತೆ ಸೇರಿಸ್ತೀನಿ. ಕಚ್ಚುತ್ತಾ?”

“ಇಲ್ಲೀವರೆಗೆ ಯಾರನ್ನೂ ಕಚ್ಚಿ...”

“ಕಚ್ಚಿದೆ ಅಂತ ಬರ್ಕೊಳ್ಳಿ ಡಾಕ್ಟ್ರೇ!” ಹೆಂಡತಿ ಬಾಗಿಲಿಂದ ಕೂಗಿದ್ಲು. “ಹೋದ ವಾರ ನಮ್ಮಮ್ಮನ ಗೊರಕೆ ಬಗ್ಗೆ ಬರೆದಿದ್ರು. ಇನ್ನೂ ಊಟ ಸೇರ್ತಿಲ್ಲ ಅವಳಿಗೆ.”

“ಒಬ್ಬರು,” ಅಂತ ಬರ್ಕೊಂಡ್ರು ಡಾಕ್ಟ್ರು. “ಕೊನೇದು. ಯಾಕೆ ಇಟ್ಕೊಂಡಿದೀಯಪ್ಪ? ಹಾಲು, ಮೊಟ್ಟೆ, ಉಣ್ಣೆ, ಕಾವಲು. ಇದರಲ್ಲಿ ಯಾವುದು?”

ಅರ್ಧಮಾತಪ್ಪ ಯೋಚನೆ ಮಾಡಿದ. ಡಾಕ್ಟ್ರು ಬೂಟಿಗಂಟಿದ್ದ ಹುಲ್ಲು ಕೀಳ್ತಾ ಕೂತ್ರು.

“ಡಾಕ್ಟ್ರೇ, ಜನ ನಿಲ್ಲೋದಿಲ್ಲ. ನಾನು ಬಾಯಿ ತೆಗೆದ್ರೆ ಮುಂದಿಂದು ಅವರೇ ಹೇಳ್ಬಿಡ್ತಾರೆ. ಇದು ಹಂಗಲ್ಲ. ಒಂದು ಪದ ಹುಡುಕ್ತಾ ಕಾಲು ಗಂಟೆ ಕೂತ್ರೂ ಆ ಸಣ್ಣ ಗೆರೆ ಮಿಣುಕ್ ಮಿಣುಕ್ ಅಂತ ಅಲ್ಲೇ ನಿಂತಿರುತ್ತೆ. ಹೇಳಪ್ಪ, ಕೇಳ್ತಿದೀನಿ ಅನ್ನೋ ಹಂಗೆ. ನಾನು ಚುಕ್ಕಿ ಇಡೋವರೆಗೂ ಅದು ಕಾಯುತ್ತೆ. ಅದಕ್ಕೇ ಇಟ್ಕೊಂಡಿದೀನಿ.”

ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದು ನಿಂತಿದ್ಲು. ಅವನದು ಅಷ್ಟುದ್ದ ಮಾತು ಅವಳು ಕೇಳಿದ್ದು ಅದೇ ಮೊದಲು.

ಡಾಕ್ಟ್ರು ನಿಧಾನಕ್ಕೆ ತಲೆದೂಗಿದ್ರು. “ಕಾಯುತ್ತೆ ತಾನೆ?”

“ಕಾಯುತ್ತೆ.”

“ಹಾಗಾದ್ರೆ ಕಾವಲು.” ಟಿಕ್ ಹಾಕಿದ್ರು.

ಪರವಾನಗಿ ಮಾರನೇ ದಿನವೇ ಬಂತು. “ಪ್ರಾಣಿ: ಬ್ಲಾಗ್. ಕಾಲು: ಇಲ್ಲ. ಉದ್ದೇಶ: ಕಾವಲು. ಕಾವಲು ಪ್ರಾಣಿ ಇರುವ ಮನೆಯ ಗೇಟಿಗೆ ಫಲಕ ತೂಗುಹಾಕುವುದು ಕಡ್ಡಾಯವಾಗಿರುತ್ತದೆ.” ಪುರಸಭೆಯವರೇ ಬಂದು ಕೆಂಪಕ್ಷರದ ಬೋರ್ಡು ಕಟ್ಟಿ ಹೋದ್ರು: ‘ಬ್ಲಾಗ್ ಇದೆ ಎಚ್ಚರಿಕೆ’.

ಈಗ ಯಾರೂ ಸೀದಾ ಒಳಗೆ ನುಗ್ಗಲ್ಲ. “ಕಟ್ಟಿಹಾಕಿದೀರಾ?” ಅಂತ ಗೇಟಲ್ಲೇ ಕೂಗ್ತಾರೆ. ಮೀಟರ್ ರೀಡರ್ ರಸ್ತೇಲೇ ನಿಂತು ಅಂದಾಜಿಗೆ ರೀಡಿಂಗ್ ಬರ್ಕೊಂಡು ಹೋಗ್ತಾನೆ. ಕ್ವಾರ್ಟರ್ಸಲ್ಲಿ ಕಳ್ಳತನ ಕಮ್ಮಿಯಾಗಿದೆ ಅಂತ ಒಂದು ವರದಿನೂ ಹೋಗಿದೆ. ಮೊದ್ಲೂ ಆಗ್ತಿರ್ಲಿಲ್ಲ, ಆ ಮಾತು ಬೇರೆ.

ಮೊನ್ನೆ ಮೇಡಂ ಅವನನ್ನ ಕರೆದು, ದನಿ ತಗ್ಗಿಸಿ ಕೇಳಿದ್ರು, “ನೋಡಿ, ನಿಮ್ಮ ಬ್ಲಾಗ್ ಮರಿ ಹಾಕಿದ್ರೆ ನಮ್ಮನೆಗೊಂದು ಕೊಡ್ತೀರಾ?”

“ಮೇಡಂ, ಅದು ಮರಿ ಹಾಕೋದಿ...”

“ಹಾಕೋದಿದ್ಯಾ! ಹಾಗಾದ್ರೆ ಮೊದಲ್ನೇದು ನಂದು.” ತಕ್ಷಣ ಒಂದು ರಿಜಿಸ್ಟರ್ ತೆರೆದು ತಮ್ಮ ಹೆಸರು ಬರ್ಕೊಂಡ್ರು. ಆಫೀಸು ಮುಚ್ಚೋದ್ರೊಳಗೆ ಹನ್ನೊಂದು ಅರ್ಜಿ ಬಂತು. ಅರ್ಧಮಾತಪ್ಪ ಹನ್ನೊಂದಕ್ಕೂ ‘ಸ್ವೀಕರಿಸಲಾಗಿದೆ’ ಅಂತ ಮುದ್ರೆ ಒತ್ತಿದ.

ಮನೆಗೆ ಬಂದು, ಬೋರ್ಡಿನ ಗೇಟು ಹಾಕಿ, ಶರ್ಟೂ ಬಿಚ್ಚದೆ ಕೂತ. ಸಣ್ಣ ಗೆರೆ ಮಿಣುಕ್ ಮಿಣುಕ್ ಅಂತ ಕಾಯ್ತಾ ಇತ್ತು. ‘ಲ್ಲ’ ಅಂತ ಬರೆದ. ಚುಕ್ಕಿ ಇಟ್ಟ.