ಗೋಧಿ ಆಗದವಳ ಗೋಳು

ಸಕ್ಕರೆ ಕಾಯಿಲೆ ಅಂದರೆ ನಮ್ಮ ಕಡೆ ಜನ ಅಯ್ಯೋ ಪಾಪ ಅನ್ನುತ್ತಾರೆ. ಬಿ.ಪಿ. ಅಂದರೆ ಕುರ್ಚಿ ಕೊಟ್ಟು ಫ್ಯಾನ್ ಹಾಕುತ್ತಾರೆ. ಗೋಧಿ ಆಗಲ್ಲ ಅಂದರೆ ಮಾತ್ರ ನಗುತ್ತಾರೆ. ನಕ್ಕಾದ ಮೇಲೆ ಚಪಾತಿ ಬಡಿಸುತ್ತಾರೆ. ಹುಣಸೂರಿನಿಂದ ಹಿಡಿದು ಕೆ.ಆರ್. ನಗರದವರೆಗೆ ನನಗೆ ಇದು ಆಗದ ನೆಂಟರ ಮನೆಯಿಲ್ಲ. ಇವತ್ತಿಗೂ ಆಗುತ್ತಲೇ ಇದೆ.

ನಮ್ಮ ಮನೆ ಹುಣಸೂರಿನಲ್ಲಿ. ನಾನು ದಿನಾ ಬಸ್ಸು ಹತ್ತಿ ಪಿರಿಯಾಪಟ್ಟಣದ ಒಂದು ಕಚೇರಿಗೆ ಹೋಗಿ ಗುಮಾಸ್ತೆ ಕೆಲಸ ಮಾಡುತ್ತೇನೆ. ಯಜಮಾನರದು ಬಿತ್ತನೆ ಬೀಜ, ಗೊಬ್ಬರದ ಅಂಗಡಿ. ಮನೆಯಲ್ಲಿ ಅತ್ತೆ ಇದ್ದಾರೆ, ಐದನೇ ಕ್ಲಾಸಿನ ಮಗಳಿದ್ದಾಳೆ. ವರ್ಷಗಟ್ಟಲೆ ಹೊಟ್ಟೆನೋವು, ಭೇದಿ, ಸುಸ್ತು ಅಂತ ನರಳಿದೆ. ಸಿಕ್ಕಿದ ಗ್ಯಾಸ್ ಮಾತ್ರೆಯನ್ನೆಲ್ಲ ನುಂಗಿದೆ. ಕೊನೆಗೆ ಮೈಸೂರಿನ ಡಾಕ್ಟರೊಬ್ಬರು ರಕ್ತ ಪರೀಕ್ಷೆ ಮಾಡಿಸಿ, ಹೊಟ್ಟೆಯೊಳಗೆ ಕೊಳವೆ ಬಿಟ್ಟು ನೋಡಿ, "ಗೋಧಿಯಲ್ಲಿ ಗ್ಲುಟನ್ ಅಂತ ಒಂದು ಅಂಶ ಇದೆಯಮ್ಮ. ಅದು ನಿಮ್ಮ ಕರುಳಿಗೆ ಆಗಲ್ಲ. ಇನ್ನು ಬದುಕಿರುವವರೆಗೂ ಒಂದು ಚೂರೂ ತಿನ್ನಬೇಡಿ" ಅಂದರು. ಮಗಳಿಗೆ ಕಡಲೆಕಾಯಿ ಆಗಲ್ಲ ಅನ್ನುವುದು ಅದಕ್ಕೂ ಮೊದಲೇ ಗೊತ್ತಾಗಿತ್ತು.

"ಅಮ್ಮನಿಗೆ ಗೋಧಿ, ಮಗಳಿಗೆ ಕಡಲೆಕಾಯಿ. ನನಗೆ ಯಾವುದು ಆಗಲ್ಲ ಅಂತಾನೂ ಕೇಳಿಬಿಟ್ಟಿದ್ರೆ ಅಡುಗೆಮನೆಗೆ ಬೀಗ ಹಾಕಬಹುದಿತ್ತು" ಅಂದರು ಯಜಮಾನರು, ಬಸ್‌ಸ್ಟ್ಯಾಂಡಿನಲ್ಲಿ ಬೋಂಡ ತಿನ್ನುತ್ತಾ.

ಒಂದೊಂದಾಗಿ

ಸಾಲಿಗ್ರಾಮದಲ್ಲಿ ನನ್ನ ಚಿಕ್ಕಮ್ಮ ಇದ್ದಾರೆ, ಅಮ್ಮನ ತಂಗಿ. ನನ್ನ ಮೇಲೆ ಬಹಳ ಪ್ರೀತಿ. ಕಾಯಿಲೆಯ ಸುದ್ದಿ ಕೇಳಿ ಊಟಕ್ಕೆ ಕರೆದರು.

"ನಿಂಗೆ ಗೋಧಿ ಆಗಕಿಲ್ಲ ಅಂತ ನಿಮ್ಮತ್ತೆ ಫೋನಲ್ಲಿ ಅಂದ್ರು. ಅದ್ಕೇ ಚಪಾತಿ ಮಾಡ್ನಿಲ್ಲ ಕಣವ್ವ, ಪೂರಿ ಮಾಡಿವ್ನಿ."

"ಪೂರಿ ಯಾವ ಹಿಟ್ಟಿಂದು ಚಿಕ್ಕಮ್ಮ?"

"ಮೈದಾದ್ದು."

"ಮೈದಾನೂ ಗೋಧೀನೇ ಚಿಕ್ಕಮ್ಮ."

ಚಿಕ್ಕಮ್ಮ ನನ್ನ ಮುಖ ನೋಡಿದರು. "ಅದೆಂಗೆ? ಮೈದಾ ಬೆಳ್ಳಗದೆ, ಗೋಧಿ ಕೆಂಪಗದೆ. ಓಗ್ಲಿ ಬುಡು, ಬೆಳಗ್ಗೆ ಮಾಡಿದ್ ಉಪ್ಪಿಟ್ಟು ಅದೆ, ಬಿಸಿ ಮಾಡಿಕೊಡ್ತೀನಿ."

"ಉಪ್ಪಿಟ್ಟಿನ ರವೆಯೂ ಗೋಧಿಯಿಂದಲೇ ಆಗೋದು."

"ಶ್ಯಾವಿಗೆ ಪಾಯಸ?"

"ಅದೂನೂ."

ಚಿಕ್ಕಮ್ಮ ಸೌಟು ಕೆಳಗಿಟ್ಟರು. ಬೆಳಗಿನಿಂದ ಒಲೆ ಮುಂದೆ ನಿಂತು ಬೆವತಿದ್ದರು, ಅವರ ಸಿಟ್ಟೂ ತಪ್ಪೇನಲ್ಲ. ನನಗೂ ಹಸಿವಿನಿಂದ ಸಿಟ್ಟು ಬಂದಿತ್ತು. ಕೊನೆಗೆ ಬರೀ ಅನ್ನಕ್ಕೆ ಮೊಸರು ಹಾಕಿಕೊಟ್ಟು, ಪಕ್ಕದಲ್ಲಿ ಕೂತು, ಬುದ್ಧಿ ಹೇಳಿದರು:

"ನೋಡವ್ವ, ಡಾಕ್ಟ್ರು ಬ್ಯಾಡ ಅಂದಿದ್ದು ಗೋಧಿ ಒಂದೇಯ. ಮಿಕ್ಕಿದ್ದೆಲ್ಲ ನೀನೇ ಒಂದೊಂದಾಗಿ ಸೇರಿಸ್ಕತಾ ಕುಂತಿದ್ದೀಯೆ."

ಅಂಟು

ಗ್ಲುಟನ್ ಅಂದರೇನು ಅಂತ ನಮ್ಮ ಅತ್ತೆಗೆ ತಿಳಿಸಿದವರು ಯಜಮಾನರು. "ಗೋಧಿಹಿಟ್ಟು ಕಲಸಿದಾಗ ಕೈಗೆ ಅಂಟು ಬರುತ್ತಲ್ಲವ್ವ, ಆ ಅಂಟೇ ಇವಳಿಗೆ ರೋಗ" ಅಂದರು. ಸರಿಯಾಗಿಯೇ ಹೇಳಿದರು. ಅತ್ತೆ ಅದನ್ನು ಕಾಂಪೌಂಡಿನ ಮೇಲಿಂದ ಪಕ್ಕದ ಮನೆಯವರಿಗೆ ಹೇಳಿದರು, "ನಮ್ಮ ಸೊಸೆಗೆ ಏನೋ ಅಂಟಿನ ರೋಗವಂತೆ." ಪಕ್ಕದ ಮನೆಯವರು ಆಚೆ ಮನೆಗೆ ಹೇಳುವಷ್ಟರಲ್ಲಿ ಅದು ಅಂಟುರೋಗ ಆಗಿತ್ತು.

ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಶುಕ್ರವಾರ ಬೀದಿ ಕೊನೆಯ ಮನೆಯವರು ಅರಿಶಿನ ಕುಂಕುಮಕ್ಕೆ ಕರೆದಿದ್ದರು, ಹೋದೆ. ಚಾಪೆಯ ಮೇಲೆ ಕೂತಿದ್ದ ಹೆಂಗಸರು ನನ್ನನ್ನು ಕಂಡು ಒಬ್ಬರ ಮೇಲೊಬ್ಬರು ಒತ್ತಿಕೊಂಡು ಸರಿದರು. ಜಾಗ ಮಾಡಿಕೊಟ್ಟರು ಅಂದುಕೊಂಡೆ. ಎಲ್ಲರಿಗೂ ಹಣೆಗೆ ಕುಂಕುಮ ಇಟ್ಟ ಮನೆಯಾಕೆ ನನ್ನ ಮುಂದೆ ಮಾತ್ರ ಬಟ್ಟಲು ಇಟ್ಟು, "ನೀವೇ ಇಟ್ಕೊಳಿ" ಅಂದರು. ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಪಾನಕ, ನನಗೆ ಪೇಪರ್ ಲೋಟದಲ್ಲಿ. ಎದ್ದು ಬರುವಾಗ ಒಬ್ಬಾಕೆ ಮೂಗಿಗೆ ಸೆರಗು ಹಿಡಿದುಕೊಂಡೇ ಕೇಳಿದರು, "ಮಗೂನ ಎಲ್ಲಿ ಮಲಗಿಸ್ತೀರಿ? ನಿಮ್ ಜೊತೇಲೇನಾ?"

ಆಗ ಅರ್ಥವಾಯಿತು. ಕಚೇರಿಯಲ್ಲಿ ನಾಲ್ಕು ಜನಕ್ಕೆ ಉತ್ತರ ಹೇಳುವವಳು ನಾನು, ಸ್ವಂತ ಬೀದಿಯಲ್ಲಿ ಪೇಪರ್ ಲೋಟದವಳಾಗಿದ್ದೆ. ಮನೆಗೆ ಬಂದು ಕೂಗಾಡಿದೆ. ಅತ್ತೆಗೂ ನಿಜವಾಗಿ ಬೇಜಾರಾಯಿತು. "ನನ್ನ ಬಾಯಿಂದ ಆದ್ದು, ನಾನೇ ಸರಿ ಮಾಡ್ಕಬತ್ತೀನಿ" ಅಂತ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಬೀದಿಯ ಮನೆಮನೆಗೂ ಹೋಗಿ, ಸುಸ್ತಾಗಿ, ಆದರೆ ಸಮಾಧಾನದಿಂದ ವಾಪಸು ಬಂದರು.

"ಎಲ್ರಿಗೂ ಬಿಡಿಸಿ ಏಳ್ದೆ. ಅಂಟುರೋಗ ಗಿಂಟುರೋಗ ಏನಿಲ್ಲ, ಒಳಗೆ ಕರುಳು ಒಂದಕ್ಕೊಂದು ಅಂಟ್ಕಂಡದೆ ಅಷ್ಟೇ, ಇನ್ನೆಷ್ಟು ದಿನ ಇದ್ದಾಳೋ ದೇವ್ರಿಗೇ ಗೊತ್ತು ಅಂತ."

ರಜೆಯ ಕಾರಣ

ಕಚೇರಿಯಲ್ಲಿ ನಮ್ಮ ಸಾಹೇಬರ ಹುಟ್ಟುಹಬ್ಬ. ನಾವು ಮೊಟ್ಟೆ ಮುಟ್ಟುವವರಲ್ಲ, ಅದು ಎಲ್ಲರಿಗೂ ಗೊತ್ತು. "ಮೇಡಂ, ನಿಮಗೋಸ್ಕರ ಎಗ್‌ಲೆಸ್ ಕೇಕೇ ಹೇಳಿ ಮಾಡಿಸಿದೀವಿ" ಅಂತ ಸಹೋದ್ಯೋಗಿಗಳು ಹೆಮ್ಮೆಯಿಂದ ಅಂದರು. ಮೊಟ್ಟೆಯ ಮಾತಲ್ಲ, ಕೇಕಿನಲ್ಲಿ ಮೈದಾ ಇರುತ್ತದೆ, ನನಗೆ ಆಗುವುದಿಲ್ಲ ಅಂದೆ. "ಹಂಗಾದ್ರೆ ಮೈದಾ ಬಿಟ್ಟು ಕೇಕ್ ಮಾತ್ರ ತಿನ್ನಿ" ಅಂದರು ಒಬ್ಬರು.

ಸಾಹೇಬರು ಒಂದು ತುಂಡು ಹಿಡಿದು ನನ್ನ ಮುಂದೆ ಬಂದರು. "ಏನೂ ಆಗಲ್ಲ ತಗೊಳ್ರೀ. ನನಗೆ ಶುಗರ್ ಇದೆ, ನಾನು ತಿಂತಾ ಇಲ್ವಾ? ಎಲ್ಲಾ ಮನಸ್ಸಿಗೆ ಸಂಬಂಧಪಟ್ಟಿದ್ದು." ಬೇಡ ಸಾರ್ ಅನ್ನಲು ಬಾಯಿ ತೆರೆದೆ. ತೆರೆದ ಬಾಯಿಗೆ ಕೇಕ್ ತುರುಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಒಬ್ಬರು ಫೋಟೊ ಹಿಡಿದರು. ಅಷ್ಟು ಜನರ ಮುಂದೆ ಉಗಿಯುವುದು ಹೇಗೆ? ನುಂಗಿದೆ. ಆ ವಾರವೆಲ್ಲ ಮಂಚಕ್ಕೂ ಬಚ್ಚಲಿಗೂ ಓಡಾಡಿದೆ.

ಕೆಲಸಕ್ಕೆ ವಾಪಸು ಹೋದಾಗ ಸಾಹೇಬರು ಗಂಭೀರವಾಗಿ ಕೇಳಿದರು, "ಹಿಂಗೆ ಇದ್ದಕ್ಕಿದ್ದಂಗೆ ರಜೆ ಹಾಕಿದ್ರೆ ಹೇಗ್ರೀ? ಏನು ಕಾರಣ ಅಂತ ಮೇಲಿನವರಿಗೆ ತಿಳಿಸಲಿ?"

"ನೀವು ಹುಟ್ಟಿದ್ದು ಅಂತ ತಿಳಿಸಿ ಸಾರ್" ಅಂದೆ.

ಎಳ್ಳೇ ಇರಬೇಕು

ಇದನ್ನು ಹೇಳುವಾಗ ನನಗೆ ನಗುವೂ ಬರುತ್ತದೆ, ಭಯವೂ ಆಗುತ್ತದೆ.

ಸಂಕ್ರಾಂತಿಗೆ ಯಜಮಾನರ ಸೋದರತ್ತೆ ಹಾರನಹಳ್ಳಿಯಿಂದ ಬಂದಿದ್ದರು, ಮಗಳು ಅವರನ್ನು ಅಜ್ಜಿ ಅನ್ನುತ್ತಾಳೆ. ನಾವು ಮನೆಯಲ್ಲಿ ಎಳ್ಳುಬೆಲ್ಲಕ್ಕೆ ಕಡಲೆಬೀಜ ಹಾಕುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಗಿದೆ. ಹೊರಗಿನವರು ಬೀರಿದ್ದು ಬಂದರೆ ಮಗಳೇ ಎತ್ತಿ ಮೇಲಿನ ಶೆಲ್ಫಿಗೆ ಇಡುತ್ತಾಳೆ. ಆ ಸಂಜೆ ನಾನು ಬಾಗಿಲಲ್ಲಿ ಯಾರಿಗೋ ಎಳ್ಳು ಕೊಡುತ್ತಿದ್ದೆ. ಒಳಗೆ ಅಜ್ಜಿ ಪಕ್ಕದ ಮನೆಯ ಎಳ್ಳುಬೆಲ್ಲ ಬಿಚ್ಚಿ, ಅದರಲ್ಲಿದ್ದ ಕಡಲೆಬೀಜವನ್ನೆಲ್ಲ ಆರಿಸಿ ಪಕ್ಕಕ್ಕಿಟ್ಟು, "ಹಬ್ಬದ ದಿನ ಎಳ್ಳು ಬ್ಯಾಡ ಅನ್ನಬಾರ್ದು ಕೂಸೇ" ಅಂತ ಉಳಿದದ್ದನ್ನು ಮಗಳ ಬಾಯಿಗೆ ಹಾಕಿದ್ದರು. ಆರಿಸಿದರೆ ಪುಡಿ ಹೋಗುತ್ತದೆಯೇ?

ನಾನು ಒಳಗೆ ಬರುವಷ್ಟರಲ್ಲಿ ಮಗಳ ತುಟಿ ಊದಿತ್ತು. ಉಸಿರು ಎಳೆದರೆ ಸುಯ್ ಅನ್ನುತ್ತಿತ್ತು. "ಅಮ್ಮ, ಗಂಟಲು" ಅಂದಳು, ಮುಂದೆ ಮಾತು ಬರಲಿಲ್ಲ. ಯಜಮಾನರು ಅಂಗಡಿಯಿಂದ ಸ್ಕೂಟರಿನಲ್ಲಿ ಬಂದವರು ಇಳಿಯಲೇ ಇಲ್ಲ. ಮಗುವನ್ನು ಮಧ್ಯೆ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆವು. ಆ ದಾರಿ ನನಗೆ ಅಷ್ಟು ಉದ್ದ ಯಾವತ್ತೂ ಅನಿಸಿರಲಿಲ್ಲ. ಡಾಕ್ಟರು ತೊಡೆಗೆ ಇಂಜೆಕ್ಷನ್ ಕೊಟ್ಟು, ಮೂಗಿಗೆ ಆಕ್ಸಿಜನ್ ಇಟ್ಟರು. ಸ್ವಲ್ಪ ಹೊತ್ತಿಗೆ ಉಸಿರು ಸಲೀಸಾಯಿತು. "ಇನ್ನೂ ತಡ ಮಾಡಿದ್ರೆ ನನ್ನ ಕೈಲೂ ಆಗ್ತಿರಲಿಲ್ಲ" ಅಂತ ಡಾಕ್ಟರು ನನ್ನನ್ನೇ ಬೈದರು. ಬೈಸಿಕೊಂಡೆ. ಬೈಸಿಕೊಳ್ಳಬೇಕಾದವರು ಮನೆಯಲ್ಲಿ ಅಳುತ್ತಾ ಕೂತಿದ್ದರು.

ರಾತ್ರಿ ಅಲ್ಲೇ ಇರಿಸಿಕೊಂಡರು. ಬೆಳಗ್ಗೆ ಅಜ್ಜಿ ಬಂದರು. ಕಣ್ಣು ಕೆಂಪಾಗಿತ್ತು. ನನ್ನ ಸಿಟ್ಟು ಅರ್ಧ ಇಳಿಯಿತು. ಮಗಳ ತಲೆ ಸವರಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ಅಂದರು, "ರಾತ್ರಿಯೆಲ್ಲ ಯೋಚನೆ ಮಾಡ್ದೆ ಕಣವ್ವ. ಕಡ್ಲೆಬೀಜಾನ ನಾನೇ ಒಂದೂ ಬುಡದಂಗೆ ಆರಿಸಿದ್ದೆ. ಅಂದ್ಮೇಲೆ ಇದು ಎಳ್ಳಿಂದಾನೇ ಆಗಿರೋದು. ಅದ್ಕೇ ಎಳ್ಳಿಲ್ಲದ್ದು ನೋಡಿ ತಂದಿವ್ನಿ."

ಚೀಲದಿಂದ ತೆಗೆದರು. ಕಡಲೆಕಾಯಿ ಮಿಠಾಯಿ.

ನಾನು ಏನು ಅಂದೆನೋ ನೆನಪಿಲ್ಲ, ಪಕ್ಕದ ವಾರ್ಡಿನವರು ಬಂದು ನೋಡಿದರು ಅನ್ನುವುದು ನೆನಪಿದೆ. ನರ್ಸ್ ಓಡಿಬಂದು ಆ ಪೊಟ್ಟಣವನ್ನು ಕಿತ್ತುಕೊಂಡು ಹೊರಗೆ ಹೋದರು. ಅಜ್ಜಿ ಆಕೆ ಹೋದ ದಾರಿಯನ್ನೇ ನೋಡಿ ನಿಟ್ಟುಸಿರು ಬಿಟ್ಟರು.

"ಅಷ್ಟು ಆಸೆ ಆಗಿದ್ರೆ ಬಾಯಿಬಿಟ್ಟು ಕೇಳಬೌದಾಗಿತ್ತು. ಕಿತ್ಕಬೇಕಾಗಿತ್ತಾ?"

ಮದುಮಗನ ಎಲೆ

ಇದು ನಮ್ಮ ದೊಡ್ಡಪ್ಪನ ಕೊನೆಯ ಮಗಳ ಮದುವೆಯಲ್ಲಿ ಆದದ್ದು. ಕೆ.ಆರ್. ನಗರದ ಕಲ್ಯಾಣ ಮಂಟಪ. ಹುಡುಗ ಎಚ್.ಡಿ. ಕೋಟೆ ಕಡೆಯವನು, ಹೊಲ ಮನೆ ಇರುವವನು, ಒಳ್ಳೆಯ ಮೈಕಟ್ಟು. ದೊಡ್ಡಪ್ಪ ದೊಡ್ಡ ಮನಸ್ಸಿನವರು. ನನ್ನೊಬ್ಬಳಿಗೋಸ್ಕರ ಅಡುಗೆಯವರಿಗೆ ಹೇಳಿ, ಬೇರೆ ಪಾತ್ರೆಯಲ್ಲಿ ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು ಮಾಡಿಸಿದ್ದರು. ಇಷ್ಟು ವರ್ಷದಲ್ಲಿ ನನ್ನ ಕಾಯಿಲೆಗೆ ಸಿಕ್ಕ ಮೊದಲ ಮರ್ಯಾದೆ. ಕಣ್ಣಲ್ಲಿ ನೀರು ಬಂತು.

ಆ ನೀರು ಒರೆಸಿಕೊಳ್ಳುವಷ್ಟರಲ್ಲಿ ಮೈಕಿನಲ್ಲಿ ಕೂಗಿದರು: "ಗೋಧಿ ರೋಗದ ಹೆಣ್ಣುಮಗಳು ಎಲ್ಲಿದ್ದರೂ ಊಟದ ಹಾಲ್‌ಗೆ ಬರಬೇಕು. ನಿಮ್ಮ ಮುದ್ದೆ ಆರಿಹೋಗ್ತಾ ಇದೆ."

ಮಂಟಪಕ್ಕೆ ಮಂಟಪವೇ ಹುಡುಕಿತು. ನಾನು ಸೆರಗು ಹೊದ್ದು ತಲೆ ತಗ್ಗಿಸಿ ಹೋಗಿ ಕೂತೆ. ಎದುರಿನ ಸಾಲಿನಲ್ಲಿ ಹೆಣ್ಣು ಗಂಡು, ಅವರ ಅಕ್ಕಪಕ್ಕ ಬೀಗರು. ಎಲ್ಲರ ಎಲೆಗೂ ಪೂರಿ, ಸಾಗು, ಒಬ್ಬಟ್ಟು. ನನ್ನ ಎಲೆಗೆ ಮಾತ್ರ ಹಬೆಯಾಡುವ ಮುದ್ದೆ, ಮೇಲೆ ಬಸ್ಸಾರು. ಒಗ್ಗರಣೆಯ ಬೆಳ್ಳುಳ್ಳಿ ಘಮ ಮಂಟಪವೆಲ್ಲ ತುಂಬಿತು. ನನ್ನ ಪಕ್ಕದಲ್ಲಿದ್ದ ಒಬ್ಬ ಹಿರಿಯರು ತಮ್ಮ ಪೂರಿಯನ್ನು ನೋಡಿದರು, ನನ್ನ ಮುದ್ದೆಯನ್ನು ನೋಡಿದರು, ಬಡಿಸುವವನ ಪಂಚೆ ಹಿಡಿದು ಎಳೆದರು.

"ನಂಗೂ ಗೋಧಿ ಆಗಾಕಿಲ್ಲ ಕಣಪ್ಪ."

"ಏನಾಗ್ತದೆ ನಿಮಗೆ?"

"ಈ ಯಮ್ಮಂಗೆ ಏನಾಯ್ತದೋ ಅದೇಯ."

ಅಲ್ಲಿಂದ ಸಾಲುಸಾಲಾಗಿ ರೋಗ ಹಬ್ಬಿತು. ಮೂರು ದಿನದಿಂದ ಮದುವೆಮನೆಯ ಸಿಹಿ ತಿಂದು ನಾಲಿಗೆ ಕೆಟ್ಟವರೆಲ್ಲ ಗೋಧಿ ಆಗದವರಾದರು. ಹುಟ್ಟಿನಿಂದ ಆಗಲ್ಲ ಅಂದವರು ಕೆಲವರು, ಈಗ ತಾನೇ ಶುರುವಾಯಿತು ಅಂದವರು ಕೆಲವರು. ವರ್ಷಗಟ್ಟಲೆ ನರಳಿ, ಕೊಳವೆ ನುಂಗಿ ನಾನು ಸಂಪಾದಿಸಿದ ಕಾಯಿಲೆಯನ್ನು ಇವರು ಎಲೆ ಮುಂದೆ ಕೂತು ಪಡೆದುಕೊಂಡರು. ನನಗೆ ಮೈ ಉರಿಯಿತು.

ಅಷ್ಟರಲ್ಲಿ ಬೆಳಗಿನಿಂದ ಉಪವಾಸವಿದ್ದ ಮದುಮಗ ಬಡಿಸುವವನನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಹೇಳಿದ. ಬಡಿಸುವವನು ಅಲ್ಲಿಂದಲೇ ಅಡುಗೆಮನೆಗೆ ಕೂಗಿದ, "ಮದುಮಗನಿಗೂ ಗೋಧಿ ಆಗಕಿಲ್ವಂತೆ. ಒಂದು ಮುದ್ದೆ ತತ್ತಾ."

ದೊಡ್ಡಪ್ಪನ ಕೈಯಲ್ಲಿದ್ದ ತುಪ್ಪದ ಮಿಳ್ಳೆ ಹಾಗೇ ನಿಂತಿತು. ನಾನು ಪಟ್ಟ ಪಾಡನ್ನು ಕಣ್ಣಾರೆ ಕಂಡವರು ಅವರು.

"ಏನ್ ಬೀಗರೇ, ಹುಡುಗನಿಗೆ ಇಂಥಾ ಕಾಯಿಲೆ ಐತೆ ಅಂತ ತಾಳಿ ಕಟ್ಟೋ ಮುಂಚೆ ಒಂದು ಮಾತು ಹೇಳಬಾರ್ದಾಗಿತ್ತಾ?"

ಬೀಗರು ಎಲೆ ಬಿಟ್ಟು ಎದ್ದರು. "ನಮ್ ಹುಡುಗನಿಗೆ ಕಾಯಿಲೆನಾ? ಮೈಕಲ್ಲಿ ಕೂಗಿದ್ದು ಯಾರ ಮನೆ ಹೆಣ್ಣುಮಗಳನ್ನ? ನಿಮ್ ವಂಶದಲ್ಲಿ ಇರೋದನ್ನ ನೀವು ನಮಗೆ ಹೇಳಿದ್ರಾ?"

ಎರಡೂ ಕಡೆಯವರು ನನ್ನ ಕಡೆ ತಿರುಗಿದರು. ನನ್ನ ತಂಗಿ ಕೊರಳಿನ ತಾಳಿ ಹಿಡಿದುಕೊಂಡು ಅಳುವ ಹಾಗಾದಳು. ಮದುಮಗ "ಅದು ಹಂಗಲ್ಲ, ನಾನು ಸುಮ್ನೆ" ಅಂತ ಏನೋ ಹೇಳಲು ಹೋದ, ಯಾರೂ ಕೇಳಲಿಲ್ಲ. ಕೊನೆಗೆ ಅವನ ತಾಯಿಯೇ ಎದ್ದು ನಿಂತರು.

"ಲೇ, ತಿಂದು ತೋರ್ಸ್ಲಾ."

ಪೂರಿ ತಂದರು. ಹುಡುಗ ತಿಂದ. "ಇನ್ನೊಂದು ಹಾಕ್ರಿ" ಅಂದರು ದೊಡ್ಡಪ್ಪ, ಸಂಶಯ ಇನ್ನೂ ಹೋಗಿರಲಿಲ್ಲ. ಅದನ್ನೂ ತಿಂದ. ಹೆಣ್ಣಿನ ಕಡೆಯವರೆಲ್ಲ ಸುತ್ತ ನಿಂತು ಅವನ ಗಂಟಲನ್ನೇ ನೋಡುತ್ತಿದ್ದರು. ಪೂರಿ ಆದ ಮೇಲೆ ಒಬ್ಬಟ್ಟು, ಒಬ್ಬಟ್ಟಿನ ಮೇಲೆ ಒಬ್ಬಟ್ಟು. ಬೀಗರು "ನೋಡಿ, ಚೆನ್ನಾಗಿ ನೋಡಿ" ಅನ್ನುತ್ತಾ ತಾವೇ ಬಡಿಸಿದರು. ಅವನ ಹಣೆಯ ಬೆವರು ಬಾಸಿಂಗದ ಕೆಳಗೆ ಇಳಿಯಿತು. ನನ್ನ ತಂಗಿ ಅಳು ಮರೆತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ಹೊಟ್ಟೆಗೆ ಏನೂ ಆಗಲಿಲ್ಲ ಅಂತ ಖಾತ್ರಿಯಾದ ಮೇಲೆ ದೊಡ್ಡಪ್ಪ ಬೀಗರನ್ನು ತಬ್ಬಿಕೊಂಡರು, ಎಲ್ಲರೂ ಮತ್ತೆ ಊಟಕ್ಕೆ ಕೂತರು. ನಾನು ಆರಿಹೋದ ಮುದ್ದೆಯನ್ನು ಸಾರಿನಲ್ಲಿ ಅದ್ದಿ, ಸಿಟ್ಟಿಗೇ ಪೂರ್ತಿ ಮುಗಿಸಿದೆ.

ಕೈ ತೊಳೆಯುವಲ್ಲಿ ಮದುಮಗ ಪಕ್ಕಕ್ಕೆ ಬಂದು ನಿಂತ. ಹೊಟ್ಟೆಯ ಭಾರಕ್ಕೆ ನಲ್ಲಿಗೆ ಬಗ್ಗಲೂ ಆಗುತ್ತಿರಲಿಲ್ಲ. ಹೆಂಡತಿಯ ಅಕ್ಕನ ಕ್ಷಮೆ ಕೇಳಲು ಬಂದಿರಬೇಕು ಅಂದುಕೊಂಡು ಮುಖ ಬಿಗಿ ಮಾಡಿಕೊಂಡೆ. ಅವನು ನನ್ನ ಬೆರಳಿಗೆ ಇನ್ನೂ ಅಂಟಿದ್ದ ಬಸ್ಸಾರನ್ನೇ ನೋಡುತ್ತಾ ಮೆಲ್ಲಗೆ ಅಂದ:

"ಕಾಯಿಲೆ ಅಂತ ಬಂದ್ರೆ ನಿಮಗೆ ಬಂದಂಗೆ ಬರಬೇಕು ಕಣಕ್ಕ. ಎಲ್ಲದಕ್ಕೂ ಪುಣ್ಯ ಮಾಡಿರಬೇಕು."