ಕುರ್ಲಾದ ಚಾಳಿಗೆ ಎರಡನೇ ನಲ್ಲಿ

ನಮ್ಮ ಚಾಳಿನವರು ಯಾವ ಕೆಲಸಕ್ಕೆ ಕೈ ಹಾಕಿದರೂ ನಡುವೆ ಒಂದು ಎಡವಟ್ಟು ಆಗಲೇಬೇಕು. ಎಡವಟ್ಟು ಯಾರಿಗೆ ಆಗುವುದಿಲ್ಲ? ನಾವು ಮಾತ್ರ ಅದನ್ನು ಸಭೆ ಸೇರಿ, ಠರಾವು ಪಾಸು ಮಾಡಿ, ಕ್ರಮಪ್ರಕಾರ ಮಾಡುತ್ತಿದ್ದೆವು.

ಐವತ್ತರ ದಶಕದ ಮಾತು. ಕುರ್ಲಾ ಆಗಷ್ಟೇ ಬೊಂಬಾಯಿ ನಗರಕ್ಕೆ ಸೇರಿತ್ತು. ನಮ್ಮ ಚಾಳಿನಲ್ಲಿ ಒಂದೇ ಸಾಲಿಗೆ ಹದಿನೆಂಟು ಖೋಲಿ, ಒಂದೊಂದು ಕೋಣೆಗೆ ಒಂದೊಂದು ಸಂಸಾರ; ಎಲ್ಲಕ್ಕೂ ಸೇರಿ ಅಂಗಳದಲ್ಲಿ ಒಂದೇ ನಲ್ಲಿ. ಬೆಳಿಗ್ಗೆ ಒಂದು ಗಂಟೆ ಹೊತ್ತು, ಸಂಜೆ ಐದರಿಂದ ಒಂದು ಗಂಟೆ ಹೊತ್ತು ನೀರು. ನಾನು ಆಫೀಸು ಮುಗಿಸಿ ಲೋಕಲ್ ಹಿಡಿದು ಬರುವಷ್ಟರಲ್ಲಿ ಅದು ನಿಂತಿರುತ್ತಿತ್ತು. ಕೊಡ ಹಿಡಿದು ಸಾಲಿನಲ್ಲಿ ನಿಂತು ನಿಂತು ಬಸುರಿ ಹೆಂಡತಿಯ ಕಾಲು ಬಾತುಕೊಂಡಿತ್ತು.

"ಇನ್ನೊಂದು ನಲ್ಲಿ ಬಂದರೆ ಹೆರಿಗೆ ಇಲ್ಲಿ. ಇಲ್ಲದಿದ್ರೆ ನಾನು ಉಡುಪಿಗೆ ಹೋಗ್ತೇನೆ. ಮತ್ತೆ ಕರೀಲಿಕ್ಕೆ ಬರ್ಬೇಡಿ" ಎಂದು ಅವಳು ಹೇಳಿದ ದಿನವೇ ನಾನು ಚಾಳಿನ ಸೆಕ್ರೆಟರಿಯಾದೆ.

ಅರ್ಜಿ

ಅರ್ಜಿ ಬರೆಯುವ ಕೆಲಸ ಮರಾಠಿ ಬಲ್ಲ ಧಾರವಾಡದ ಮಾಸ್ತರರಿಗೆ ಬಿತ್ತು. ಅವರಿದ್ದದ್ದು ನಮ್ಮ ಪಕ್ಕದ ಖೋಲಿಯಲ್ಲೇ. ಮುನಿಸಿಪಾಲಿಟಿಯ ನಮೂನೆಯಲ್ಲಿ 'ಸದ್ಯ ಇರುವ ಸೌಕರ್ಯಗಳು' ಎಂದೊಂದು ಕಲಮು.

"ಒಂದೇ ನಲ್ಲಿ ಅಂತ ಬರೆದು ಮುಗಿಸಿ" ಎಂದೆ.

ಮಾಸ್ತರರಿಗೆ ಸಿಟ್ಟು ಬಂತು. "ಊರಿನ ಮರ್ಯಾದಿ ಪ್ರಶ್ನೆ ಐತ್ರಿ. ಓದಿದವ್ರು ನಾವೇನು ಅಡವ್ಯಾಗ ಇದ್ದೀವಿ ಅನ್ಕೋಬೇಕೇನು?"

ಅವರ ಪಟ್ಟಿ ಸ್ಟೇಷನ್ನಿನಿಂದ ಸುರುವಾಯಿತು. ಶಾಲೆ, ಅಂಚೆ ಡಬ್ಬಿ, ಮಾರ್ಕೆಟ್ಟು, ಎರಡು ಉಡುಪಿ ಹೋಟೆಲು, ಸಯನ್ ಕಡೆಯಿಂದ ಬರುವ ಗಾಳಿ, ಒಂದನ್ನೂ ಬಿಡಲಿಲ್ಲ. ನಾಲ್ಕು ಪುಟ ತುಂಬಿತು. ವಾರ್ಡ್ ಕಚೇರಿಯ ಗುಮಾಸ್ತ ಅಷ್ಟನ್ನೂ ಓದಿ ಕನ್ನಡಕ ತೆಗೆದ.

"ನಿಮಗೆ ಏನು ಬೇಕು ಅಂತ ಎಲ್ಲೂ ಬರೆದೇ ಇಲ್ಲವಲ್ಲ?" ಎಂದ. ಆಮೇಲೆ ದನಿ ತಗ್ಗಿಸಿ, "ಇರಲಿ, ಅಲ್ಲಿ ಖೋಲಿ ಯಾವುದಾದರೂ ಖಾಲಿ ಇದೆಯಾ?" ಎಂದು ಕೇಳಿದ.

ಇತಿಹಾಸ

ಹೊಸ ಅರ್ಜಿ ಕೊಟ್ಟೆವು. ಈ ಸಲ ಚಾಳು ಎಷ್ಟು ಹಳೆಯದು ಎಂಬುದಕ್ಕೆ ದಾಖಲೆ ಬೇಕೆಂದರು. ಚಾಳಿನ ಮಾಲಕರನ್ನು ನಾವು ಯಾರೂ ಕಂಡವರಲ್ಲ. ಹಾಗಾಗಿ ಎಲ್ಲರಿಗಿಂತ ಹಳಬರಾದ, ಒಂದನೇ ಖೋಲಿಯ ಅಜ್ಜಿಯ ಹತ್ತಿರ ಹೋದೆ.

"ನನ್ನ ಎರಡನೆಯವನಿಗೆ ಹಲ್ಲು ಬರುವಾಗ ಈ ಮಾಡಿಗೆ ಹಂಚು ಹೊದಿಸ್ತಾ ಇದ್ರು. ಇನ್ನೆಂಥ ದಾಖಲೆ?" ಎಂದರು ಅಜ್ಜಿ.

ಕಚೇರಿಯವರಿಗೆ ಬಾಯಿಮಾತು ಸಾಲದು, ಏನಾದರೂ ತಂದು ತೋರಿಸಬೇಕು ಎಂದೆ. ಮರುದಿನ ಅಜ್ಜಿ ಮಾಟುಂಗದ ಹೋಟೆಲಿನಲ್ಲಿ ದೋಸೆ ಹಾಕುತ್ತಿದ್ದ ಎರಡನೇ ಮಗನನ್ನೇ ಹಿಡಿದು ತಂದು ಗುಮಾಸ್ತನ ಮೇಜಿನ ಮುಂದೆ ನಿಲ್ಲಿಸಿದರು. ಅವನಿಗೆ ನಲವತ್ತು ದಾಟಿತ್ತು.

"ಬಾಯಿ ತೆರೆ ಮಗಾ, ಅವರು ಹಲ್ಲು ನೋಡ್ಲಿ."

ಗುಮಾಸ್ತ ಎದ್ದು ಬಗ್ಗಿ ನೋಡಿದ. "ಅಜ್ಜೀ, ದಾಖಲೆಯಲ್ಲಿ ನಾಲ್ಕು ಪುಟ ಉದುರಿಹೋಗಿದೆ" ಎಂದ. ಪುಣ್ಯಾತ್ಮ, ನಗುತ್ತಲೇ ಠಸ್ಸೆ ಒತ್ತಿದ.

ತಪಾಸಣೆ

ಉಳಿದದ್ದು ಇನ್‌ಸ್ಪೆಕ್ಟರರ ತಪಾಸಣೆ. ನೀರಿಗೆ ನಿಜವಾಗಿ ತತ್ವಾರವೇ ಎಂದು ಅವರು ಕಣ್ಣಾರೆ ನೋಡಬೇಕಿತ್ತು. ನಾನು ಮನೆಮನೆಗೆ ಹೋಗಿ, ಖಾಲಿ ಕೊಡಗಳನ್ನು ಬಾಗಿಲಿಗೆ ಇಡಿ, ಮುಖ ಸಪ್ಪಗೆ ಮಾಡಿಕೊಳ್ಳಿ ಎಂದು ಹೇಳಿ ಬಂದೆ.

ಶನಿವಾರ ಮಧ್ಯಾಹ್ನ ಮೂರಕ್ಕೆ ಇನ್‌ಸ್ಪೆಕ್ಟರ್ ಬಂದರು. ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಬೆಲ್ಲ ನೀರು ಕೊಡದಿದ್ದರೆ ನಮ್ಮ ಕಡೆಯವರಿಗೆ ಜೀವ ನಿಲ್ಲುವುದಿಲ್ಲ. ಅಜ್ಜಿ ಚೊಂಬು ಹಿಡಿದು ಹೊರಗೆ ಬಂದರು. ಒಂದನೇ ಖೋಲಿ ಕೊಟ್ಟ ಮೇಲೆ ಎರಡನೆಯದು ಸುಮ್ಮನಿದ್ದೀತೇ? ಹದಿನೆಂಟು ಬಾಗಿಲು, ಹದಿನೆಂಟು ಚೊಂಬು. ಬೇಡವೆಂದರೆ ಯಾರೂ ಕೇಳಲಿಲ್ಲ. ನಲ್ಲಿಗಾಗಿ ನನ್ನನ್ನು ಸೆಕ್ರೆಟರಿ ಮಾಡಿದ ನನ್ನ ಹೆಂಡತಿ, ಇದ್ದ ನೀರೆಲ್ಲ ಸುರಿದು ದೊಡ್ಡ ಲೋಟದ ತುಂಬ ಮಜ್ಜಿಗೆ ಮಾಡಿಕೊಟ್ಟಳು.

ಇನ್‌ಸ್ಪೆಕ್ಟರ್ ಮೀಸೆ ಒರೆಸಿಕೊಂಡು ನೋಟ್‌ಬುಕ್ಕಿನಲ್ಲಿ ಬರೆದು ನನಗೆ ತೋರಿಸಿದರು: 'ಪಾಣೀ ಭರಪೂರ. ಎರಡನೇ ನಲ್ಲಿ ಅನಗತ್ಯ.' ನನಗೆ ಅಳುವೇ ಬಂತು. ಹೆಂಡತಿಯ ಕಡೆ ನೋಡುವ ಧೈರ್ಯವಾಗಲಿಲ್ಲ.

ಆದರೆ ಹದಿನೆಂಟು ಮನೆಯ ಬೆಲ್ಲ, ನೀರು, ಮಜ್ಜಿಗೆ ಒಂದೇ ಹೊಟ್ಟೆಯಲ್ಲಿ ಸೇರಿದರೆ ಏನಾಗಬೇಕೋ ಅದಾಯಿತು. ಅವರು ಸಂಡಾಸ್ ಎಲ್ಲಿ ಎಂದು ಕೇಳಿ, ಉತ್ತರಕ್ಕೂ ಕಾಯದೆ ಓಡಿದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ "ಪಾಣೀ" ಎಂಬ ದನಿ ಕೇಳಿಸಿತು.

ನಾನು ಒಂದರಿಂದ ಹದಿನೆಂಟರವರೆಗೆ ಎಲ್ಲ ಖೋಲಿಗೂ ಹೋಗಿ ಬಂದೆ. ಇಡೀ ಚಾಳಿನಲ್ಲಿ ಒಂದು ಹನಿ ಇರಲಿಲ್ಲ. ಸಂಡಾಸಿನ ಬಾಗಿಲ ಹತ್ತಿರ ನಿಂತು ಆದಷ್ಟು ವಿನಯದಿಂದ ಹೇಳಿದೆ, "ಸಾಹೇಬ್ರೇ, ನೀರು ಐದಕ್ಕೆ ಬರ್ತದೆ."

"ಈಗ ಎಷ್ಟು ಗಂಟೆ?"

"ಮೂರೂ ಮುಕ್ಕಾಲು."

ಒಳಗೆ ಹಾಳೆ ಮಗುಚುವ ಸದ್ದಾಯಿತು. ಆಮೇಲೆ ಬಾಗಿಲ ಕೆಳಗಿನ ಸಂದಿಯಿಂದ ನೋಟ್‌ಬುಕ್ಕು ಮೆಲ್ಲಗೆ ಹೊರಗೆ ಬಂತು. ಬರೆದದ್ದನ್ನು ಹೊಡೆದುಹಾಕಿ ಕೆಳಗೆ ಹೊಸದಾಗಿ ಬರೆದಿದ್ದರು: 'ಎರಡನೇ ನಲ್ಲಿ ತಕ್ಷಣ ಮಂಜೂರು ಮಾಡುವುದು.' 'ತಕ್ಷಣ'ದ ಕೆಳಗೆ ಮೂರು ಗೆರೆ ಎಳೆದಿದ್ದರು.